ತೀವ್ರ ನಿಗಾ ಘಟಕದ ಬಾಗಿಲಲ್ಲಿ ಕ್ಯಾನ್ಸರ್ ರೋಗಿ: ಒಂದು ಟಿಪ್ಪಣಿ

ಕ್ಯಾನ್ಸರ್ ರೋಗಿಯನ್ನು ವೆಂಟಿಲೇಟರಿಗೆ ಹಾಕಿ ಪ್ರಯೋಜನವಿಲ್ಲ ಎಂಬ ನಂಬಿಕೆ 1980ರ ದಶಕದ ವೈದ್ಯರಲ್ಲಿ ಗಟ್ಟಿಯಾಗಿತ್ತು. ಅಂದಿನ ಸಾವಿನ ಲೆಕ್ಕವೂ ಅದಕ್ಕೆ ಇಂಬು ಕೊಡುತ್ತಿತ್ತು. ಈಗ ಆ ನಂಬಿಕೆ ಸಡಿಲವಾಗಿದೆ. ಹಾಗೆಂದು ಬದುಕುಳಿದವರ ಪ್ರಮಾಣವೊಂದನ್ನೇ ಹಿಡಿದು ಹೊರಟರೆ ದಾರಿ ತಪ್ಪುತ್ತದೆ. ಯಾರನ್ನು ಒಳಗೆ ಸೇರಿಸಿಕೊಂಡರು, ಎಷ್ಟು ತಡವಾಗಿ, ಯಾರನ್ನು ಬಾಗಿಲಿಂದಲೇ ತಿರುಗಿಸಿದರು ಎಂಬುದು ತಿಳಿಯದೆ ಆ ಅಂಕಿಗೆ ಬೆಲೆಯಿಲ್ಲ.

ಬಾಗಿಲ ತೀರ್ಮಾನವನ್ನೇ ಅಳೆದು ನೋಡಿದವರು ಕಡಿಮೆ. ಪ್ಯಾರಿಸ್‌ನ ಸೇಂಟ್ ಲೂಯಿ ಆಸ್ಪತ್ರೆಯ ತಂಡ 2005ರಲ್ಲಿ ಪ್ರಕಟಿಸಿದ ಅಧ್ಯಯನ ಈ ಕಾರಣಕ್ಕೇ ಮುಖ್ಯ. ಐಸಿಯು ಹಾಸಿಗೆ ಕೋರಿ ಬಂದ 206 ಕ್ಯಾನ್ಸರ್ ರೋಗಿಗಳಲ್ಲಿ 105 ಮಂದಿಯನ್ನು ಸೇರಿಸಿಕೊಂಡರು. 54 ಮಂದಿಗೆ ಕಾಯಿಲೆ ಕೈಮೀರಿದೆ ಎಂದೂ 47 ಮಂದಿಗೆ ಐಸಿಯು ಬೇಕಾಗುವಷ್ಟು ಕೆಟ್ಟಿಲ್ಲ ಎಂದೂ ಹಾಸಿಗೆ ನಿರಾಕರಿಸಿದರು. ಕೈಮೀರಿದೆ ಎನಿಸಿಕೊಂಡವರಲ್ಲಿ ಶೇ. 26ರಷ್ಟು ಜನ ಮೂವತ್ತನೆಯ ದಿನವೂ ಜೀವಂತವಿದ್ದರು. ಚೆನ್ನಾಗಿಯೇ ಇದ್ದಾರೆ ಎನಿಸಿಕೊಂಡವರಲ್ಲಿ ಅಷ್ಟೇ ದಿನದೊಳಗೆ ಐವರಲ್ಲಿ ಒಬ್ಬರಿಗಿಂತ ತುಸು ಹೆಚ್ಚು ಮಂದಿ ತೀರಿಕೊಂಡರು. ಅನುಭವಿ ವೈದ್ಯರ ಅಂದಾಜು ಎರಡೂ ಕಡೆ ತಪ್ಪಿತ್ತು. ನನಗೆ ಹೆಚ್ಚು ಕಳವಳ ತರುವುದು ಎರಡನೆಯ ಗುಂಪು. ವಾರ್ಡಿನಲ್ಲಿ ಮಾತಾಡುತ್ತ, ಆಮ್ಲಜನಕದ ಮುಖವಾಡ ಹಾಕಿಕೊಂಡು ಕೂತ ರೋಗಿಯ ಹಾಸಿಗೆಯ ಬಳಿ ಯಾರೂ ಗಾಬರಿಯಾಗುವುದಿಲ್ಲ.

ಅದೇ ಆಸ್ಪತ್ರೆಯಿಂದ 2007ರಲ್ಲಿ ಬಂದ ಅಧ್ಯಯನವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ವೆಂಟಿಲೇಟರ್ ಬೇಕಾಗಿದ್ದ, ಜತೆಗೆ ಇನ್ನೊಂದಾದರೂ ಅಂಗ ಸೋತಿದ್ದ 188 ರೋಗಿಗಳಿಗೆ ಮೊದಲ ದಿನಗಳಲ್ಲಿ ಯಾವ ಮಿತಿಯೂ ಇಲ್ಲದೆ ಪೂರ್ಣ ಚಿಕಿತ್ಸೆ ಕೊಟ್ಟು, ಐದು ದಿನ ಕಳೆದ ಮೇಲೆ ಮರುಪರಿಶೀಲಿಸುವುದೆಂದು ನಿಶ್ಚಯಿಸಿದ್ದರು. ಹಾಸಿಗೆ ಹಿಡಿದೇ ಇದ್ದವರನ್ನೂ ಉಪಶಮನ ಚಿಕಿತ್ಸೆಯೊಂದೇ ಉಳಿದಿದ್ದವರನ್ನೂ ಸೇರಿಸಿರಲಿಲ್ಲ. ಐದನೆಯ ದಿನಕ್ಕೆ ಉಳಿದವರು 103 ಮಂದಿ. ಆಸ್ಪತ್ರೆಯಿಂದ ಜೀವಂತ ಹೊರಟವರು ಒಟ್ಟಾರೆ ಶೇ. 22ರ ಆಸುಪಾಸು. ಈ 103 ಮಂದಿಯಲ್ಲಿ ಮುಂದೆ ಬದುಕುವವರು ಯಾರು, ಸಾಯುವವರು ಯಾರು ಎಂದು ಬೇರ್ಪಡಿಸಲು ದಾಖಲಾದ ದಿನದ ಯಾವ ಲಕ್ಷಣವೂ ನೆರವಾಗಲಿಲ್ಲ. ಆರನೆಯ ದಿನದ ಅಂಗವೈಫಲ್ಯದ ಅಂಕ ಅದಕ್ಕಿಂತ ಚೆನ್ನಾಗಿ ಹೇಳಿತು. ಮೂರು ದಿನ ಕಳೆದ ಮೇಲೆ ಹೊಸದಾಗಿ ವೆಂಟಿಲೇಟರ್, ರಕ್ತದೊತ್ತಡ ಏರಿಸುವ ಔಷಧ ಅಥವಾ ಡಯಾಲಿಸಿಸ್ ಬೇಕಾದವರಲ್ಲಿ ಒಬ್ಬರೂ ಉಳಿಯಲಿಲ್ಲ. ಇದು ಒಂದೇ ಕೇಂದ್ರದ, ಅದೂ ಇಂಥ ರೋಗಿಗಳಲ್ಲಿ ನುರಿತ ಕೇಂದ್ರದ ಫಲಿತಾಂಶ ಎಂಬುದನ್ನು ಮರೆಯುವಂತಿಲ್ಲ. ಆದರೂ ಬಾಗಿಲಲ್ಲಿ ಉತ್ತರ ಸಿಗದ ಪ್ರಶ್ನೆಗೆ ಕೆಲವು ದಿನಗಳ ಚಿಕಿತ್ಸೆಯೇ ಉತ್ತರ ಕೊಡಬಲ್ಲದು ಎಂಬ ವಾದಕ್ಕೆ ಇಷ್ಟು ನೇರವಾದ ಪುರಾವೆ ಬೇರೆ ಕಡೆ ನನಗೆ ಕಂಡಿಲ್ಲ.

ದೊಡ್ಡ ಅಧ್ಯಯನಗಳ ಚಿತ್ರ ಇನ್ನಷ್ಟು ಆಶಾದಾಯಕ. ಫ್ರಾನ್ಸ್ ಮತ್ತು ಬೆಲ್ಜಿಯಂನ 17 ಘಟಕಗಳಿಗೆ ಸೇರಿದ, ರಕ್ತದ ಕ್ಯಾನ್ಸರಿನ 1,011 ರೋಗಿಗಳಲ್ಲಿ ಶೇ. 60.7 ಮಂದಿ ಆಸ್ಪತ್ರೆಯಿಂದ ಜೀವಂತ ಹೊರಬಂದರು. ವರ್ಷದ ಕೊನೆಗೆ ಬದುಕಿದ್ದವರು ಶೇ. 43.3. ಇದು 2013ರ ವರದಿ. ಆಸ್ಪತ್ರೆಗೆ ಬಂದ 24 ಗಂಟೆಯೊಳಗೆ ಐಸಿಯು ಸೇರಿದವರ ಸ್ಥಿತಿ ತಡವಾಗಿ ಸೇರಿದವರಿಗಿಂತ ಮೇಲಿತ್ತು. ಓಡಾಡುವ ಶಕ್ತಿ ಮೊದಲೇ ಕುಂದಿದ್ದವರು, ಬೇರೆಯವರಿಂದ ಅಸ್ಥಿಮಜ್ಜೆ ಪಡೆದವರು, ಆಸ್ಪರ್ಜಿಲ್ಲಸ್ ಶಿಲೀಂಧ್ರ ಸೋಂಕು ತಗಲಿದವರು ಹೆಚ್ಚು ಸತ್ತರು. 2007ರ ಮತ್ತು 2013ರ ಅಧ್ಯಯನಗಳ ಶೇಕಡಾವಾರನ್ನು ಎದುರುಬದುರಿಟ್ಟು ಆರು ವರ್ಷದಲ್ಲಿ ಬದುಕುಳಿಯುವವರ ಪ್ರಮಾಣ ಸುಮಾರು ಮೂರುಪಟ್ಟಾಯಿತು ಎಂದು ಹೇಳುವುದು ಮಾತ್ರ ಸಲ್ಲದು. ಒಂದರಲ್ಲಿ ಎಲ್ಲರೂ ವೆಂಟಿಲೇಟರಿನವರು, ಇನ್ನೊಂದರಲ್ಲಿ ಹಾಗಲ್ಲ.

ನಮ್ಮ ದೇಶದ ಅಂಕಿಗಳನ್ನು ಓದುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ಐಸಿಯು ನೋಂದಣಿ ಪುಸ್ತಕದಲ್ಲಿ ‘ಡಾಮಾ’ ಎಂದು ಬರೆದು ಮುಗಿಸುವ ಸಾಲುಗಳುಂಟು: ವೈದ್ಯರ ಸಲಹೆಗೆ ವಿರುದ್ಧವಾಗಿ ಮನೆಗೆ ಹೋದವರು. ಹಾಗೆ ಹೋದವರಲ್ಲಿ ಹಣ ಮುಗಿದವರಿದ್ದಾರೆ, ಊರಿನಲ್ಲೇ ಪ್ರಾಣ ಹೋಗಲಿ ಎಂದು ಕರೆದೊಯ್ದವರಿದ್ದಾರೆ, ಬೇರೆ ಆಸ್ಪತ್ರೆಗೆ ಹೋಗಿ ಚೇತರಿಸಿಕೊಂಡವರೂ ಇದ್ದಾರೆ. ಇವರನ್ನು ಬದುಕಿದವರ ಲೆಕ್ಕಕ್ಕೆ ಸೇರಿಸಿದರೆ ಫಲಿತಾಂಶ ಉಬ್ಬುತ್ತದೆ, ಸತ್ತವರ ಲೆಕ್ಕಕ್ಕೆ ಹಾಕಿದರೆ ಕುಸಿಯುತ್ತದೆ, ಬಿಟ್ಟೇಬಿಟ್ಟರೆ ಅತಿ ಬಡ ರೋಗಿಗಳೇ ಅಧ್ಯಯನದಿಂದ ಕಣ್ಮರೆಯಾಗುತ್ತಾರೆ.

ದಿನ ಗೊತ್ತುಮಾಡಿ ಚಿಕಿತ್ಸೆ ಕೊಟ್ಟು ನೋಡುವ ಕ್ರಮಕ್ಕೆ, ಫಲ ಕಾಣದಿದ್ದಾಗ ಹಿಂದೆ ಸರಿಯುವ ಕಾನೂನುಬದ್ಧ ದಾರಿಯೂ ಬೇಕು. ಸುಪ್ರೀಂ ಕೋರ್ಟ್ 2018ರಲ್ಲಿ ಅದನ್ನು ತೆರೆದು, 2023ರಲ್ಲಿ ವಿಧಿವಿಧಾನವನ್ನು ಸರಳಗೊಳಿಸಿತು. ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಅದರ ಜಾರಿಗೆ ಸುತ್ತೋಲೆ ಹೊರಡಿಸಿತು. ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ, ಕುಟುಂಬದ ಸಮ್ಮತಿ ಇದ್ದು ಜೀವರಕ್ಷಕ ಚಿಕಿತ್ಸೆಯನ್ನು ನಿಲ್ಲಿಸುವುದು ಇನ್ನು ‘ಡಾಮಾ’ ಎಂಬ ಮರೆಯಲ್ಲಿ ನಡೆಯಬೇಕಿಲ್ಲ. ಸಂಶೋಧಕನ ದೃಷ್ಟಿಯಿಂದ ಕೇಳುವುದಾದರೆ ಬೇಡಿಕೆ ಸಣ್ಣದು: ನಿಲ್ಲಿಸಿದ ಚಿಕಿತ್ಸೆಗೂ ಹಣವಿಲ್ಲದೆ ಹೊರಟ ರೋಗಿಗೂ ನೋಂದಣಿಯಲ್ಲಿ ಬೇರೆ ಬೇರೆ ಕಲಂ ಇರಲಿ, ಹಾಸಿಗೆ ಕೇಳಿ ಸಿಗದವರ ಹೆಸರೂ ಅದೇ ಪುಸ್ತಕದಲ್ಲಿರಲಿ, ಮೂವತ್ತನೆಯ ದಿನ ಎಲ್ಲರ ಮನೆಗೂ ಒಂದು ಫೋನ್ ಹೋಗಲಿ.