ಬಾಳಗೋಳಿ ಮತ್ತು ಎಂಟಾಣೆ

ನೂರು ವರ್ಷದ ಹಿಂದೆ ಮುಂಬಯಿಯ ಬಟ್ಟೆ ಗಿರಣಿಗಳ ಗಿರಣಗಾಂವಿನಲ್ಲಿ, ಅಂದರೆ ಪರೇಲ್, ಲಾಲ್‌ಬಾಗ್, ಶಿವಡಿ, ವರಳಿಯ ಚಾಳುಗಳಲ್ಲಿ, ಕೂಸುಗಳ ಬಾಯಿಗೆ ಹಾಕುತ್ತಿದ್ದ ಪುಟ್ಟ ಗುಳಿಗೆಗೆ ಬಾಳಗೋಳಿ ಎಂದು ಹೆಸರು. ಮರಾಠಿಯಲ್ಲಿ ಬಾಳ ಎಂದರೆ ಮಗು, ಗೋಳಿ ಎಂದರೆ ಗುಳಿಗೆ. ಹೆಸರಿನಲ್ಲಿ ಇಷ್ಟು ಮುದ್ದು, ಒಳಗಿದ್ದದ್ದು ಅಫೀಮು. ಗಿರಣಿಯ ಹೆಂಗಸರ ಬಾಣಂತನ ಹೇಗೆ ನಡೆಯುತ್ತಿದೆ ಎಂದು ತಿಳಿಯಲು ಮುಂಬಯಿ ಸರ್ಕಾರ ಡಾ. ಬಾರ್ನ್ಸ್ ಎಂಬ ವೈದ್ಯೆಯನ್ನು ನೇಮಿಸಿತ್ತು. ಆಕೆಯ ವರದಿ 1922ರಲ್ಲಿ ಸರ್ಕಾರದ್ದೇ ಲೇಬರ್ ಗೆಜೆಟ್‌ನಲ್ಲಿ ಅಚ್ಚಾಯಿತು. ಕಾರ್ಖಾನೆಯಲ್ಲಿ ದುಡಿಯುವ ತಾಯಂದಿರ ಕೂಸುಗಳಲ್ಲಿ ಶೇಕಡ 98ರಷ್ಟಕ್ಕೆ ಅಫೀಮು ಬೀಳುತ್ತಿದೆ ಎಂದು ಅದು ಹೇಳಿತು. ಗರ್ಭದಲ್ಲಿರುವಾಗಲೇ ಮಾದಕ ವಸ್ತು ತಾಕಿದ ಹಸುಗೂಸುಗಳಿಗೆ ಕಾನೂನಿನ ಆಸರೆ ಬೇಕು ಎಂಬ ಚರ್ಚೆ ಇಂದು ಹಲವು ದೇಶಗಳಲ್ಲಿ ನಡೆಯುತ್ತಿದೆ. ಅದಕ್ಕೆ ಕೈಹಾಕುವವರು ಮೊದಲು ಓದಬೇಕಾದದ್ದು ಈ ಗುಳಿಗೆಯ ಕಥೆ. ಏಕೆಂದರೆ ಆ ಕೂಸುಗಳ ಹತ್ತಿರ ಬಂದದ್ದು ಅಫೀಮಿನ ಕಾನೂನಲ್ಲ, ತಾಯಿಯ ಕೂಲಿಯ ಕಾನೂನು.

ಗುಳಿಗೆ ಏಕೆ ಬೇಕಾಯಿತು ಎಂಬುದಕ್ಕೆ ಗಿರಣಿಯ ಗಡಿಯಾರವೇ ಉತ್ತರ. 1891ರ ಕಾರ್ಖಾನೆ ಕಾಯಿದೆ ಹೆಂಗಸರನ್ನು ದಿನಕ್ಕೆ ಹನ್ನೊಂದು ಗಂಟೆ ದುಡಿಸಲು ಬಿಟ್ಟಿತ್ತು. 1922ರ ತಿದ್ದುಪಡಿಯ ನಂತರವೂ ದಿನದ ಮಿತಿ ಅಷ್ಟೇ ಉಳಿಯಿತು. ಹೆಂಗಸರು ಹೆಚ್ಚಾಗಿ ಇದ್ದದ್ದು ನೂಲು ಸುತ್ತುವ ಖಾತೆಗಳಲ್ಲಿ. ಅಲ್ಲಿ ಮಾಡಿದಷ್ಟು ಕೆಲಸಕ್ಕೆ ಮಾತ್ರ ಕೂಲಿ. ಮಗು ನೋಡಿಕೊಳ್ಳಬೇಕಾದ ಅಜ್ಜಿ ಕೊಂಕಣದ ಹಳ್ಳಿಯಲ್ಲಿ. ಇಲ್ಲಿ ಒಂದೇ ಕೋಣೆ, ಪಕ್ಕದ ಮನೆಯ ಮುದುಕಿ, ಇಲ್ಲವೇ ಏಳೆಂಟು ವರ್ಷದ ಅಕ್ಕ. ಗುಳಿಗೆ ಹಾಕಿದರೆ ಮಗು ಅಳುವುದಿಲ್ಲ. ಆದರೆ ಅಫೀಮು ಹಸಿವನ್ನೂ ಅಡಗಿಸುತ್ತದೆ, ಉಸಿರನ್ನೂ ನಿಧಾನಗೊಳಿಸುತ್ತದೆ. ಅಳದ ಮಗು ಮೊಲೆಗೆ ಬಾಯಿ ಹಾಕದು, ಮಗು ಚೀಪದಿದ್ದರೆ ತಾಯಿಯ ಹಾಲು ಬತ್ತುತ್ತದೆ. 1921ರಲ್ಲಿ ನಗರದಲ್ಲಿ ದಾಖಲಾದ ಶಿಶುಮರಣ ಹುಟ್ಟಿದ ಸಾವಿರಕ್ಕೆ 660ನ್ನೂ ಮೀರಿತ್ತು. ಒಂದೇ ಕೋಣೆಯ ಬಿಡಾರಗಳಲ್ಲಿ 828ಕ್ಕೆ ಮುಟ್ಟಿತ್ತು. ಈ ಸಂಖ್ಯೆಗಳನ್ನು ಎಚ್ಚರದಿಂದ ಓದಬೇಕು. ಎಷ್ಟೋ ಹೆಂಗಸರು ಹೆರಿಗೆಗೆ ಊರಿಗೆ ಹೋಗಿ ಕೂಸಿನೊಡನೆ ಮರಳುತ್ತಿದ್ದರು. ಹುಟ್ಟು ಅಲ್ಲಿ, ಸಾವಿನ ಲೆಕ್ಕ ಇಲ್ಲಿ. ಇಕ್ಕಟ್ಟು, ಕೆಟ್ಟ ಹಾಲು, ವಾಂತಿಭೇದಿಗಳ ಪಾಲನ್ನೂ ಕಳೆಯಬೇಕು. ಎಲ್ಲವನ್ನೂ ಬಾಳಗೋಳಿಯ ತಲೆಗೆ ಕಟ್ಟುವುದು ತಪ್ಪಾಗುತ್ತದೆ. ಅಷ್ಟು ಕಳೆದ ಮೇಲೂ ಉಳಿಯುವ ಸಂಖ್ಯೆ ಎದೆ ನಡುಗಿಸುತ್ತದೆ.

ಅಫೀಮಿನ ಕಾನೂನು ಆಗಲೂ ಇತ್ತು. 1878ರ ಕಾಯಿದೆ ಬೆಳೆ, ಸಾಗಾಟ, ಪರವಾನಗಿ, ಸುಂಕ ಇವನ್ನೆಲ್ಲ ಕರಾರುವಾಕ್ಕಾಗಿ ನೋಡಿಕೊಳ್ಳುತ್ತಿತ್ತು. 1893ರಲ್ಲಿ ನೇಮಕವಾದ ರಾಯಲ್ ಆಯೋಗ ಇಂಡಿಯಾದಲ್ಲಿ ಅಫೀಮಿನಿಂದ ದೊಡ್ಡ ಹಾನಿಯೇನೂ ಆಗುತ್ತಿಲ್ಲ ಎಂಬ ತೀರ್ಮಾನಕ್ಕೆ 1895ರಲ್ಲಿ ಬಂತು. ಖಜಾನೆಗೆ ಬರುವ ಹಣ ಕಣ್ಣ ಮುಂದಿರುವಾಗ ತೊಟ್ಟಿಲು ಕಾಣುವುದು ಕಷ್ಟ.

ತೊಟ್ಟಿಲು ಕಂಡದ್ದು ಕಾರ್ಮಿಕರ ಪರವಾಗಿ ನಿಂತವರಿಗೆ. ಕಾರ್ಮಿಕ ನಾಯಕ ಎನ್. ಎಂ. ಜೋಶಿ 1924ರಲ್ಲಿ ಕೇಂದ್ರ ಶಾಸನಸಭೆಗೆ ತಂದ ಹೆರಿಗೆ ಭತ್ಯೆಯ ಮಸೂದೆ ಮರುವರ್ಷ ಬಿದ್ದುಹೋಯಿತು. ಅದೇ ವಿಚಾರ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಎದ್ದು ಬಂತು. ನಮ್ಮ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡಗಳೂ ಆಗ ಆ ಪ್ರಾಂತದಲ್ಲೇ ಇದ್ದವು. ಪರಿಷತ್ತಿನ ಸದಸ್ಯ ಆರ್. ಎಸ್. ಆಸವಲೆ ತಂದ ಮಸೂದೆಯನ್ನು ಬೆಂಬಲಿಸಿ 1928ರಲ್ಲಿ ಅಂಬೇಡ್ಕರ್ ಮಾತನಾಡಿದರು. ಹೆರಿಗೆಯ ಹಿಂದುಮುಂದೆ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಆದ್ದರಿಂದ ಹೊರೆಯ ದೊಡ್ಡ ಪಾಲು ಸರ್ಕಾರದ್ದು. ಆಕೆಯ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಪಾಲು ಹೊರಬೇಕು ಎಂಬುದು ಅವರ ವಾದ. 1929ರಲ್ಲಿ ಕಾಯಿದೆ ಬಂತು, ದೇಶದಲ್ಲೇ ಮೊದಲನೆಯದು: ಕೆಲವು ವಾರಗಳ ಮಟ್ಟಿಗೆ ದಿನಕ್ಕೆ ಎಂಟಾಣೆ. ಬಾಣಂತಿ ಹಸಿ ಮೈಯಲ್ಲೇ ಖಾತೆಗೆ ಮರಳದಂತೆ ತಡೆಯಲು ಆ ಎಂಟಾಣೆ ಬೇಕಿತ್ತು. 1931ರಲ್ಲಿ, ಕಾರ್ಮಿಕರ ಸ್ಥಿತಿಗತಿ ಪರಿಶೀಲಿಸಿದ ವಿಟ್ಲಿ ಆಯೋಗ ಕೂಸಿನ ಮನೆಗಳನ್ನು ಶಿಫಾರಸು ಮಾಡಿತು. 1934ರ ಕಾರ್ಖಾನೆ ಕಾಯಿದೆ, ಐವತ್ತಕ್ಕಿಂತ ಹೆಚ್ಚು ಹೆಂಗಸರಿರುವಲ್ಲಿ ಅವನ್ನು ಕಡ್ಡಾಯ ಮಾಡುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. ಈ ಕಾಯಿದೆಗಳಿಂದಲೇ ಬಾಳಗೋಳಿ ಮಾಯವಾಯಿತು ಎಂದು ನಾನು ವಾದಿಸುತ್ತಿಲ್ಲ. ತಾಯಿ ಇಲ್ಲದ ಹನ್ನೊಂದು ಗಂಟೆಯನ್ನು ತುಂಬಲು ಗುಳಿಗೆ ಬಂದಿತ್ತು. ಆ ಗಂಟೆಗಳನ್ನು ಮುಟ್ಟಿದ್ದು ಅಫೀಮಿನ ಕಾನೂನಲ್ಲ, ಈ ಕಾಯಿದೆಗಳು.

ಇದಕ್ಕೆ ಎರಡು ಆಕ್ಷೇಪಗಳಿವೆ. ಕಾಯಿದೆಯಿಂದ ಹೆಂಗಸರ ಕೆಲಸವೇ ಹೋಯಿತಲ್ಲ ಎಂಬುದು ಒಂದು. ಅದು ಸುಳ್ಳಲ್ಲ. 1920ರ ದಶಕದಲ್ಲಿ ಗಿರಣಿಗಳಲ್ಲಿ ಸುಮಾರು ಐದನೇ ಒಂದು ಪಾಲು ಇದ್ದ ಹೆಂಗಸರು ಮುಂದಿನ ದಶಕಗಳಲ್ಲಿ ಕರಗುತ್ತ ಹೋದರು. ಯಂತ್ರ, ಪಾಳಿ ಪದ್ಧತಿಗಳ ಜೊತೆಗೆ ಭತ್ಯೆಯ ಖರ್ಚೂ ಅದಕ್ಕೊಂದು ಕಾರಣ. ತಪ್ಪಾದದ್ದು ಭತ್ಯೆ ಕೊಟ್ಟದ್ದರಲ್ಲಲ್ಲ, ಪೂರ್ತಿ ಹೊರೆಯನ್ನು ಒಬ್ಬ ಮಾಲೀಕನ ಮೇಲೆ ಹೊರಿಸಿದ್ದರಲ್ಲಿ. ಸರ್ಕಾರದ ಪಾಲಿನ ಬಗ್ಗೆ ಅಂಬೇಡ್ಕರ್ ಹೇಳಿದ್ದನ್ನು ಕೇಳಿದ್ದರೆ ಅದು ತಪ್ಪುತ್ತಿತ್ತು. ಖರ್ಚನ್ನು ಎಲ್ಲರ ವಂತಿಗೆಯಲ್ಲಿ ಹಂಚುವ ನೌಕರರ ರಾಜ್ಯ ವಿಮೆಯ (ಇಎಸ್‌ಐ) ಕಾಯಿದೆ ಬಂದದ್ದು 1948ರಲ್ಲಿ.

ಎರಡನೆಯದು ಇನ್ನೂ ಗಟ್ಟಿ: ಬಾಳಗೋಳಿ ಹುಟ್ಟಿದ ಮೇಲಿನ ಮಾತು, ಗರ್ಭದಲ್ಲಿ ತಾಕಿದ ಅಮಲು ಬೇರೆ, ಅಲ್ಲಿ ತಾಯಿಯೇ ವ್ಯಸನಿ. ನಿಜ, ರೋಗ ಬೇರೆ. ಹೊಕ್ಕುಳ ಬಳ್ಳಿ ಕತ್ತರಿಸಿದ ಮೇಲೆ ಅಮಲು ನಿಂತು ಮಗು ನಡುಗುತ್ತದೆ, ಕಿರುಚುತ್ತದೆ, ಹಾಲು ಕುಡಿಯಲು ಒದ್ದಾಡುತ್ತದೆ. ಆದರೆ ಮದ್ದು ಏನು ನೋಡಿ: ಸದ್ದಿಲ್ಲದ ಕೋಣೆ, ತಾಯಿಯ ಮಗ್ಗುಲು, ಸಾಧ್ಯವಿದ್ದಲ್ಲಿ ಆಕೆಯದೇ ಹಾಲು, ಅದು ಸಾಲದಾದಾಗ ಹಂತಹಂತವಾಗಿ ಇಳಿಸುವ ಔಷಧ. ಇಲ್ಲೂ ತಾಯಿ ಬೇಕು. ಅಮೆರಿಕದ ಟೆನೆಸಿ ರಾಜ್ಯ 2014ರಲ್ಲಿ ಇಂಥ ತಾಯಂದಿರ ಮೇಲೆ ಹಲ್ಲೆಯ ಮೊಕದ್ದಮೆ ಹೂಡುವ ಕಾನೂನು ಮಾಡಿತು. ಬಂಧನದ ಭಯಕ್ಕೆ ಬಸುರಿಯರು ಆಸ್ಪತ್ರೆಯನ್ನೇ ತಪ್ಪಿಸುತ್ತಿದ್ದಾರೆ ಎಂದು ವೈದ್ಯರು ಎಚ್ಚರಿಸಿದರು. 2016ರಲ್ಲಿ ಅದರ ಅವಧಿ ಮುಗಿದಾಗ ಮುಂದುವರಿಸಲಿಲ್ಲ. ಅದೇ ವರ್ಷ ಅಲ್ಲಿನ ಕೇಂದ್ರ ಕಾನೂನು, 2003ರಿಂದ ಇದ್ದ ಸುರಕ್ಷಿತ ಆರೈಕೆಯ ಯೋಜನೆಯನ್ನು ಮಗುವಿನ ಜೊತೆಗೆ ಮನೆಯವರ ಚಿಕಿತ್ಸೆಗೂ ವಿಸ್ತರಿಸಿತು.

ನಮ್ಮಲ್ಲಿ 1985ರ ಮಾದಕ ವಸ್ತು ಕಾಯಿದೆಯಲ್ಲಿ ಹಸುಗೂಸಿನ ಪ್ರಸ್ತಾಪವಿಲ್ಲ. 2015ರ ಬಾಲನ್ಯಾಯ ಕಾಯಿದೆಯ 77ನೇ ಕಲಂ, ಮಗುವಿಗೆ ಅಮಲು ಕೊಟ್ಟವರಿಗೆ ಏಳು ವರ್ಷದವರೆಗೆ ಸೆರೆ ಎನ್ನುತ್ತದೆ. ಬಾಳಗೋಳಿಯ ಕಾಲದಲ್ಲಿ ಇದು ಇದ್ದಿದ್ದರೆ ಗಿರಣಿಯಲ್ಲಿ ದುಡಿಯುವ ತಾಯಂದಿರಲ್ಲಿ ನೂರಕ್ಕೆ ತೊಂಬತ್ತೆಂಟು ಮಂದಿ ಅಪರಾಧಿಗಳಾಗುತ್ತಿದ್ದರು, ಗಿರಣಿಯ ಪಾಳಿ ಮಾತ್ರ ಹಾಗೆಯೇ ನಡೆಯುತ್ತಿತ್ತು. 2017ರ ತಿದ್ದುಪಡಿ ಹೆರಿಗೆ ರಜೆಯನ್ನು 26 ವಾರಕ್ಕೆ ಏರಿಸಿ, ಐವತ್ತು ನೌಕರರಿರುವ ಸಂಸ್ಥೆಗೆ ಕೂಸಿನ ಮನೆ ಕಡ್ಡಾಯ ಮಾಡಿತು. ಆದರೆ ಇಂದಿನ ಮುಂಬಯಿಯಲ್ಲಿ ಗೋವಂಡಿಯಿಂದ ಹೊರಟು ಚೆಂಬೂರಿನ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಬಾಣಂತಿಗೆ ನಾಲ್ವರು ಯಜಮಾನರಿದ್ದಾರೆ. ಆ ನಾಲ್ಕರಲ್ಲಿ ಯಾವ ಮನೆಯಲ್ಲೂ ಐವತ್ತು ನೌಕರರಿಲ್ಲ.