ಓರೆ ನಿಂತ ದಪ್ಪಕ್ಷರ

ಮುಂದಕ್ಕೆ ಬಾಗಿದ ಒಂದು ದಪ್ಪ ಅಕ್ಷರಶೈಲಿಯ ಹೆಸರು ಫ್ಯೂಚುರಾ ಬೋಲ್ಡ್ ಆಬ್ಲೀಕ್. ಮೂಲ ಫ್ಯೂಚುರಾ ಪೌಲ್ ರೆನ್ನರ್ ಅವರ ವಿನ್ಯಾಸ. 1927ರಲ್ಲಿ ಜರ್ಮನಿಯ ಬಾವರ್ ಅಚ್ಚುಮೊಳೆ ಕಾರ್ಖಾನೆ ಅದನ್ನು ಹೊರತಂದಿತು. ವೃತ್ತ, ತ್ರಿಕೋನ, ಸರಳರೇಖೆಗಳೇ ಇದರ ಮೈಕಟ್ಟು. ಗೆರೆಗಳ ತುದಿಯಲ್ಲಿ ಪುಟ್ಟ ಅಡ್ಡಗೀಟುಗಳಿಲ್ಲ. ಓರೆ ರೂಪದಲ್ಲಿ ಕೈಬರಹದ ಬಳುಕನ್ನು ಹುಡುಕಬೇಡಿ. ಅಕ್ಷರದ ಆಕಾರ ಹಾಗೆಯೇ ಉಳಿದು ಬಲಕ್ಕೆ ವಾಲುತ್ತದೆ, ಅಷ್ಟೇ. ಆ ವಾಲಿಕೆಯಲ್ಲೇ ಅವಸರವಿದೆ, ಒತ್ತಾಯವಿದೆ.

ಅದರ ಕಸುವನ್ನು ಚೆನ್ನಾಗಿ ಅರಿತವರು ಅಮೆರಿಕದ ಕಲಾವಿದೆ ಬಾರ್ಬರಾ ಕ್ರೂಗರ್. ಪತ್ರಿಕೆಯ ಪುಟವಿನ್ಯಾಸದಲ್ಲಿ ಪಳಗಿದ್ದ ಅವರು ಕಪ್ಪು-ಬಿಳುಪು ಛಾಯಾಚಿತ್ರದ ಮೇಲೆ ಕೆಂಪು ಪಟ್ಟಿ ಹಾಸಿ, ಅದರೊಳಗೆ ಬಿಳಿಯ ದಪ್ಪಕ್ಷರಗಳನ್ನಿಟ್ಟು ನೋಡುಗರನ್ನೇ ಪ್ರಶ್ನಿಸಿದರು. 1994ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಸುಪ್ರೀಮ್ ಉಡುಪಿನ ಅಂಗಡಿಯ ಕೆಂಪು ಗುರುತಿನಲ್ಲೂ ಇದೇ ಕುಟುಂಬದ ಓರೆ ಅಕ್ಷರಗಳಿವೆ.

ನಾಲ್ಕು ಮಾತಿನ ಶೀರ್ಷಿಕೆಗೆ ಇದು ಹೇಳಿ ಮಾಡಿಸಿದ್ದು. ಪುಟಗಟ್ಟಲೆ ಓದಿಗೆ ಸಲ್ಲದು.