ಶಹಾಬಾದ್ ಕಲ್ಲಿನ ವಲಯದಲ್ಲಿ ಔದ್ಯೋಗಿಕ ಆರೋಗ್ಯ

ಶಹಾಬಾದ್ ಕಲ್ಲಿನ ವಲಯದಲ್ಲಿ ಔದ್ಯೋಗಿಕ ಆರೋಗ್ಯ ಎಂಬುದು ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಚಿತ್ತಾಪುರ ಮತ್ತು ಸೇಡಂ ಭಾಗಗಳ ಕಲ್ಲುಗಣಿ, ಹೊಳಪು ಘಟಕ ಹಾಗೂ ಸಿಮೆಂಟ್ ಕಾರ್ಖಾನೆಗಳ ಕೆಲಸದಿಂದ ಬರಬಹುದಾದ ದೀರ್ಘಕಾಲಿಕ ಕಾಯಿಲೆಗಳನ್ನೂ ಗಾಯಗಳನ್ನೂ ತಡೆಯುವ ಸಾರ್ವಜನಿಕ ಆರೋಗ್ಯ ಕ್ರಮಗಳಿಗೆ ಸಂಬಂಧಿಸಿದ ವಿಷಯ. ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆಗಳಲ್ಲಿ ಮುಖ್ಯವಾದ ಸಿಲಿಕೋಸಿಸ್ ವಾಸಿಯಾಗುವಂಥದ್ದಲ್ಲ. ಆದರೆ ಅದನ್ನು ಸಂಪೂರ್ಣವಾಗಿ ತಡೆಯಬಹುದು. ಆದ್ದರಿಂದ ಈ ಕ್ಷೇತ್ರದಲ್ಲಿ ಚಿಕಿತ್ಸೆಗಿಂತ ತಡೆಗಟ್ಟುವಿಕೆಗೆ ಮೊದಲ ಸ್ಥಾನ ಸಲ್ಲುತ್ತದೆ.

ಪ್ರದೇಶ ಮತ್ತು ಉದ್ಯಮ

ಶಹಾಬಾದ್ ಕಲ್ಲು ಭೀಮಾ ಜಲಾನಯನದ ಪ್ರಾಚೀನ ಶಿಲಾಸ್ತರಗಳಲ್ಲಿ ದೊರೆಯುವ ನುಣುಪಾದ ಸುಣ್ಣಕಲ್ಲು. ಪದರ ಪದರವಾಗಿ ಸುಲಭವಾಗಿ ಬಿಡಿಸಿಕೊಳ್ಳುವ ಗುಣದಿಂದಾಗಿ ಇದು ನೆಲಹಾಸಿಗೆ ಹೆಸರಾಗಿದೆ. ಸ್ಥಳೀಯರು ಇದನ್ನು ಪರ್ಸಿ ಕಲ್ಲು ಎಂದೂ, ಕಲ್ಲು ತೆಗೆಯುವ ಜಾಗವನ್ನು ಖಣಿ ಎಂದೂ ಕರೆಯುತ್ತಾರೆ. ಇದೇ ಸ್ತರಗಳು ಗಡಿಯಾಚೆ ತೆಲಂಗಾಣದ ತಾಂಡೂರಿನವರೆಗೂ ಹಬ್ಬಿವೆ.

ಸುಣ್ಣಕಲ್ಲು ಸಿಮೆಂಟಿನ ಮುಖ್ಯ ಕಚ್ಚಾವಸ್ತುವೂ ಹೌದು. ವಾಡಿಯ ಸಿಮೆಂಟ್ ಕಾರ್ಖಾನೆ 1968ರಲ್ಲಿ ಆರಂಭವಾಯಿತು. ಸೇಡಂ ತಾಲ್ಲೂಕಿನಲ್ಲಿ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಬಳಿ, ರಾಜಶ್ರೀ ಸಿಮೆಂಟ್ ಕಾರ್ಖಾನೆಯೊಂದಿಗೆ ಆದಿತ್ಯನಗರ ಬೆಳೆಯಿತು. ಹೀಗೆ ಒಂದೇ ಬಗೆಯ ಕಲ್ಲನ್ನು ಅವಲಂಬಿಸಿದ ಎರಡು ಭಿನ್ನ ಲೋಕಗಳು ಇಲ್ಲಿವೆ. ಒಂದು, ಯಂತ್ರೀಕೃತ ಗಣಿ, ವಸತಿ ಬಡಾವಣೆ ಮತ್ತು ಕಾಯಂ ನೌಕರರನ್ನು ಹೊಂದಿದ ದೊಡ್ಡ ಕಾರ್ಖಾನೆಗಳದು. ಇನ್ನೊಂದು, ಹಾರೆ, ಉಳಿ, ಸುತ್ತಿಗೆ ಹಾಗೂ ಕತ್ತರಿಸುವ ಯಂತ್ರಗಳಿಂದ ನಡೆಯುವ ಚಿಕ್ಕ ಖಣಿಗಳದು. ತಡೆಗಟ್ಟುವ ಕ್ರಮಗಳು ಎರಡನೆಯ ಲೋಕವನ್ನು ತಲುಪುವುದು ಹೆಚ್ಚು ಕಠಿಣ.

ಧೂಳು ಮತ್ತು ಕಾಯಿಲೆ

ಎಲ್ಲ ಕಲ್ಲಿನ ಧೂಳೂ ಒಂದೇ ಅಲ್ಲ. ಸುಣ್ಣಕಲ್ಲಿನ ಮುಖ್ಯಾಂಶ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಧೂಳು ಕಣ್ಣು, ಮೂಗು ಮತ್ತು ಗಂಟಲನ್ನು ಕೆರಳಿಸುತ್ತದೆಯಾದರೂ ಸಿಲಿಕೋಸಿಸ್ ಉಂಟುಮಾಡುವುದಿಲ್ಲ. ಸಿಲಿಕೋಸಿಸ್‌ಗೆ ಕಾರಣ ಸ್ಫಟಿಕ ರೂಪದ ಸಿಲಿಕ. ಮರಳುಗಲ್ಲು, ಗ್ರಾನೈಟ್ ಮತ್ತು ಬೆಣಚುಕಲ್ಲಿನಲ್ಲಿ ಇದು ಹೇರಳವಾಗಿದೆ. ಸುಣ್ಣಕಲ್ಲಿನಲ್ಲಿ ಸ್ತರದಿಂದ ಸ್ತರಕ್ಕೆ ಬದಲಾಗುವ ಪ್ರಮಾಣದಲ್ಲಿ ಇರುತ್ತದೆ. ಆದ್ದರಿಂದ ಸುಣ್ಣಕಲ್ಲಿನ ಕೆಲಸ ಗ್ರಾನೈಟ್ ಕೆಲಸಕ್ಕಿಂತ ಸಾಮಾನ್ಯವಾಗಿ ಕಡಿಮೆ ಅಪಾಯದ್ದು. ಆದರೆ ಪ್ರತಿ ಗಣಿಯ ಧೂಳನ್ನೂ ಅಳೆದು, ಅದರಲ್ಲಿರುವ ಸಿಲಿಕದ ಅಂಶವನ್ನು ತಿಳಿಯದೆ ನಿರಪಾಯ ಎನ್ನಲಾಗದು.

ಕಣ್ಣಿಗೆ ಕಾಣುವ ದಪ್ಪ ಧೂಳು ಬಹುಮಟ್ಟಿಗೆ ಮೂಗಿನಲ್ಲಿಯೇ ತಡೆಯಲ್ಪಡುತ್ತದೆ. ಶ್ವಾಸಕೋಶದ ಗಾಳಿಗೂಡುಗಳನ್ನು ತಲುಪುವುದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಣಗಳು. ಅಲ್ಲಿ ಸಿಲಿಕದ ಕಣಗಳನ್ನು ನುಂಗಿದ ರಕ್ಷಕ ಕೋಶಗಳು ತಾವೇ ಸಾಯುತ್ತವೆ. ಆ ಜಾಗದಲ್ಲಿ ಗಾಯದ ಕಲೆಯಂಥ ಗಂಟುಗಳು ಬೆಳೆಯುತ್ತವೆ. ರೋಗಲಕ್ಷಣಗಳು ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಕೆಲಸ ಬಿಟ್ಟ ಮೇಲೂ ರೋಗ ಮುಂದುವರಿಯಬಹುದು. ಸ್ಫಟಿಕ ಸಿಲಿಕವನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1997ರಲ್ಲಿ ಮಾನವರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಪಟ್ಟಿಗೆ ಸೇರಿಸಿತು. ಧೂಮಪಾನ ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ.

ಸಿಲಿಕೋಸಿಸ್ ಇರುವವರಿಗೆ ಕ್ಷಯರೋಗ ತಗಲುವ ಸಂಭವ ಇತರರಿಗಿಂತ ಬಹಳ ಹೆಚ್ಚು. ಕೆಮ್ಮು, ತೂಕ ಇಳಿಕೆ, ಉಬ್ಬಸಗಳಂತಹ ಲಕ್ಷಣಗಳು ಎರಡಕ್ಕೂ ಸಮಾನ. ರೋಗಿ ಯಾವ ಕೆಲಸ ಮಾಡುತ್ತಿದ್ದನೆಂದು ವೈದ್ಯರು ಕೇಳದಿದ್ದರೆ ಕಾಯಿಲೆಯು ಕೇವಲ ಕ್ಷಯವೆಂದು ದಾಖಲಾಗುತ್ತದೆ. ಕ್ಷಯದ ಔಷಧ ದೊರೆಯಬಹುದು. ಆದರೆ ಧೂಳಿನ ಮೂಲ ಹಾಗೆಯೇ ಉಳಿಯುತ್ತದೆ, ಪರಿಹಾರದ ಹಕ್ಕು ಕೈತಪ್ಪುತ್ತದೆ.

ಸಿಮೆಂಟಿನ ಧೂಳಿನ ಸ್ವಭಾವ ಬೇರೆ. ಒದ್ದೆಯಾದಾಗ ಅದು ಕ್ಷಾರೀಯವಾಗಿ ಚರ್ಮವನ್ನು ಸುಡುತ್ತದೆ. ಅದರಲ್ಲಿರುವ ಕ್ರೋಮಿಯಂ ಅಂಶದಿಂದ ಕೆಲವರಿಗೆ ದೀರ್ಘಕಾಲ ಕಾಡುವ ಚರ್ಮದ ಉರಿಯೂತ ಬರುತ್ತದೆ.

ಕೋಲಾರದ ಅನುಭವ

ಕರ್ನಾಟಕಕ್ಕೆ ಈ ಕಾಯಿಲೆಯ ಪಾಠ ಮೊದಲು ದೊರೆತದ್ದು ಕೋಲಾರ ಚಿನ್ನದ ಗಣಿಯಲ್ಲಿ. ಅಲ್ಲಿಯ ಬಂಡೆಗಳಲ್ಲಿ ಬೆಣಚುಕಲ್ಲಿನ ಅಂಶ ಹೆಚ್ಚಾಗಿತ್ತು. 1940ರ ಮೈಸೂರು ಸಿಲಿಕೋಸಿಸ್ ನಿಯಮಗಳು ಈ ಕಾಯಿಲೆಯನ್ನು ವರದಿ ಮಾಡಬೇಕಾದ, ಪರಿಹಾರಕ್ಕೆ ಅರ್ಹವಾದ ಕಾಯಿಲೆಯೆಂದು ಮಾನ್ಯ ಮಾಡಿದವು. ಅದೇ ದಶಕದಲ್ಲಿ ಅಲ್ಲಿನ ಸಾವಿರಾರು ಗಣಿಗಾರರನ್ನು ಪರೀಕ್ಷಿಸಿದ ಸಮೀಕ್ಷೆಯಲ್ಲಿ ಶೇ 40ಕ್ಕಿಂತ ಹೆಚ್ಚು ಮಂದಿಯಲ್ಲಿ ರೋಗ ಕಂಡುಬಂತು. ಹುಡುಕಿದಾಗಲೇ ಕಾಯಿಲೆಯ ನಿಜವಾದ ವ್ಯಾಪ್ತಿ ತಿಳಿಯುತ್ತದೆ ಎಂಬುದಕ್ಕೆ ಇದು ನಿದರ್ಶನ. ಎಲ್ಲರೂ ಒಂದೇ ಊರಿನಲ್ಲಿ, ಕೆಲವೇ ಕಂಪನಿಗಳ ಹಾಜರಿ ಪುಸ್ತಕದಲ್ಲಿದ್ದುದರಿಂದ ಅಂಥ ಹುಡುಕಾಟ ಅಲ್ಲಿ ಸಾಧ್ಯವಾಯಿತು. ಖಣಿಯಿಂದ ಖಣಿಗೆ ಕೆಲಸ ಬದಲಿಸುವ ದಿನಗೂಲಿ ಕಾರ್ಮಿಕರ ವಿಷಯದಲ್ಲಿ ಈ ಅನುಕೂಲವಿಲ್ಲ.

ತಡೆಗಟ್ಟುವ ಕ್ರಮಗಳು

ಔದ್ಯೋಗಿಕ ಆರೋಗ್ಯ ಶಾಸ್ತ್ರವು ಅಪಾಯ ನಿಯಂತ್ರಣದ ಕ್ರಮಗಳನ್ನು ಅವುಗಳ ಪರಿಣಾಮಕ್ಕೆ ಅನುಗುಣವಾಗಿ ಮೇಲಿನಿಂದ ಕೆಳಕ್ಕೆ ಜೋಡಿಸುತ್ತದೆ:

• ಮೂಲದಲ್ಲಿಯೇ ನಿವಾರಣೆ: ಒಣ ಕತ್ತರಿಸುವಿಕೆಯನ್ನು ನಿಲ್ಲಿಸುವುದು, ಧೂಳೆಬ್ಬಿಸುವ ವಿಧಾನಕ್ಕೆ ಬದಲಿ ವಿಧಾನವನ್ನು ಬಳಸುವುದು.
• ತಾಂತ್ರಿಕ ನಿಯಂತ್ರಣ: ನೀರು ಹರಿಸಿ ಕೊರೆಯುವುದು ಮತ್ತು ಕತ್ತರಿಸುವುದು, ಕಲ್ಲು ಪುಡಿ ಮಾಡುವ ಯಂತ್ರಕ್ಕೆ ಮುಚ್ಚಿಗೆ ಹಾಕುವುದು, ಕಾರ್ಖಾನೆಗಳಲ್ಲಿ ಧೂಳು ಹೀರುವ ಚೀಲಶೋಧಕ ಅಳವಡಿಸುವುದು, ಸಾಗಣೆ ದಾರಿಗೆ ನೀರು ಚಿಮುಕಿಸುವುದು.
• ಆಡಳಿತಾತ್ಮಕ ಕ್ರಮ: ಧೂಳಿನ ಜಾಗದಲ್ಲಿ ಕೆಲಸದ ಅವಧಿಯನ್ನು ಮಿತಗೊಳಿಸುವುದು, ಸರದಿ ಬದಲಿಸುವುದು, ತರಬೇತಿ ನೀಡುವುದು.
• ವೈಯಕ್ತಿಕ ರಕ್ಷಣೆ: ಮುಖಕ್ಕೆ ಸರಿಯಾಗಿ ಕೂರುವ ಶೋಧಕ ಮುಖಗವಸು, ಕನ್ನಡಕ, ಕೈಗವಸು.

ಮುಖಗವಸು ಪಟ್ಟಿಯ ಕೊನೆಯಲ್ಲಿರುವುದಕ್ಕೆ ಕಾರಣವಿದೆ. ಬೇಸಿಗೆಯಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುವ ಕಲಬುರಗಿಯ ಬಿಸಿಲಿನಲ್ಲಿ ಎಂಟು ಗಂಟೆ ಅದನ್ನು ಧರಿಸಿ ಕಲ್ಲು ಎತ್ತುವುದು ಕಷ್ಟಸಾಧ್ಯ. ಮುಖಕ್ಕೆ ಸುತ್ತಿದ ಟವೆಲ್ ಅಥವಾ ಸೆರಗು ದಪ್ಪ ಧೂಳನ್ನಷ್ಟೇ ತಡೆಯುತ್ತದೆ, ಸೂಕ್ಷ್ಮ ಕಣಗಳನ್ನಲ್ಲ. ಯಂತ್ರಕ್ಕೆ ಅಳವಡಿಸಿದ ನೀರಿನ ಕೊಳವೆಯಾದರೋ ಅದರ ಬಳಿ ನಿಂತ ಎಲ್ಲರನ್ನೂ ಏಕಕಾಲಕ್ಕೆ ರಕ್ಷಿಸುತ್ತದೆ.

ನೀರಿನ ಬಳಕೆಯಲ್ಲಿಯೂ ಎಚ್ಚರ ಬೇಕು. ಹೊಳಪು ಘಟಕಗಳಿಂದ ಹೊರಬರುವ ಕಲ್ಲಿನ ಕೆಸರು ಒಣಗಿದರೆ ಮತ್ತೆ ಧೂಳಾಗಿ ಏಳುತ್ತದೆ. ಅದನ್ನು ತೊಟ್ಟಿಯಲ್ಲಿ ತಂಗಿಸಿ, ತಿಳಿನೀರನ್ನು ಪುನಃ ಬಳಸಿ, ಕೆಸರು ಒದ್ದೆಯಿರುವಾಗಲೇ ಸಾಗಿಸುವುದು ಸರಿಯಾದ ಕ್ರಮ. ನೀರು ವಿರಳವಾದ ಈ ಭಾಗದಲ್ಲಿ ಇದರಿಂದ ಉಳಿತಾಯವೂ ಆಗುತ್ತದೆ. ನೆಲವನ್ನು ಒಣ ಪೊರಕೆಯಿಂದ ಗುಡಿಸಬಾರದು; ಕೆಲಸದ ಬಟ್ಟೆಯನ್ನು ಮನೆಯೊಳಗೆ ಕೊಡವಬಾರದು.

ಗಾಯಗಳ ತಡೆ

ಗಾಯಗಳನ್ನು ವಿಧಿಯ ಆಟವೆಂದು ಕಾಣುವುದು ವಾಡಿಕೆ. ಆದರೆ ಅವುಗಳಿಗೂ ಗುರುತಿಸಬಹುದಾದ ಕಾರಣಗಳಿವೆ. ಗಣಿಯ ಬದಿಗಳನ್ನು ನೆಟ್ಟಗೆ ಕಡಿಯದೆ ಮೆಟ್ಟಿಲುಗಳಂತೆ ಇಳಿಸಿದರೆ ಕುಸಿತ ತಪ್ಪುತ್ತದೆ. ಹಾಸುಗಲ್ಲು ಎತ್ತಲು ಸರಳ ಎತ್ತುಯಂತ್ರವಿದ್ದರೆ ಸೊಂಟ ಉಳಿಯುತ್ತದೆ, ಬೆರಳು ಜಜ್ಜುವುದು ತಪ್ಪುತ್ತದೆ. ಉಳಿಪೆಟ್ಟಿನ ಚೂರಿನಿಂದ ಕಣ್ಣನ್ನು ಕನ್ನಡಕ ಕಾಯುತ್ತದೆ. ಕೊರೆಯುವ ಯಂತ್ರದ ಸದ್ದು ವರ್ಷಗಳ ಕಾಲ ಕಿವಿಗೆ ಬಿದ್ದರೆ ಶ್ರವಣಶಕ್ತಿ ಮರಳಿ ಬಾರದಂತೆ ಕುಂದುತ್ತದೆ. ಕೆಲಸ ನಿಂತ ಖಣಿಗಳಲ್ಲಿ ಮಳೆನೀರು ನಿಂತು, ಈಜಲು ಅಥವಾ ಬಟ್ಟೆ ಒಗೆಯಲು ಬಂದವರಿಗೆ ಅಪಾಯವಾಗುತ್ತದೆ. ಬೇಲಿ ಹಾಕುವುದು ಮತ್ತು ಖಣಿಯನ್ನು ಮುಚ್ಚುವುದು ಊರಿನ ಮಕ್ಕಳ ಸುರಕ್ಷತೆಗೂ ಸೇರಿದ ಕ್ರಮಗಳು.

ಕಾನೂನು ಮತ್ತು ಆರೋಗ್ಯ ತಪಾಸಣೆ

1952ರ ಗಣಿ ಕಾಯ್ದೆಯು 18 ವರ್ಷದೊಳಗಿನವರನ್ನು ಗಣಿ ಕೆಲಸಕ್ಕೆ ನೇಮಿಸುವುದನ್ನು ನಿಷೇಧಿಸಿತು. 1955ರ ಗಣಿ ನಿಯಮಗಳ ಪ್ರಕಾರ ಕೆಲಸಕ್ಕೆ ಸೇರುವಾಗ ಒಮ್ಮೆ, ಅನಂತರ ಐದು ವರ್ಷ ಮೀರದ ಅಂತರದಲ್ಲಿ ವೈದ್ಯಕೀಯ ಪರೀಕ್ಷೆ ಆಗಬೇಕಿತ್ತು. ಎದೆಯ ಕ್ಷಕಿರಣ ಚಿತ್ರ ಇದರ ಮುಖ್ಯ ಭಾಗವಾಗಿತ್ತು. ಗಣಿಗಳ ಮೇಲ್ವಿಚಾರಣೆ ಧನಬಾದ್‌ನಲ್ಲಿ ಕೇಂದ್ರ ಕಚೇರಿಯುಳ್ಳ ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ್ದು. ಕಾರ್ಖಾನೆಗಳಿಗೆ ಸಂಬಂಧಿಸಿದ 1948ರ ಕಾಯ್ದೆಯೂ ಸಿಲಿಕೋಸಿಸ್ ಅನ್ನು ಅಧಿಸೂಚಿತ ಕಾಯಿಲೆಗಳ ಪಟ್ಟಿಯಲ್ಲಿ ಇರಿಸಿತು. 1923ರ ಪರಿಹಾರ ಕಾಯ್ದೆಯ ಅನುಸೂಚಿಯು ಸಿಲಿಕೋಸಿಸ್ ಮಾತ್ರವಲ್ಲದೆ, ಸಿಲಿಕೋಸಿಸ್ ಮುಖ್ಯ ಕಾರಣವಾಗಿರುವ ಸಿಲಿಕೋ-ಕ್ಷಯವನ್ನೂ ಔದ್ಯೋಗಿಕ ಕಾಯಿಲೆಯೆಂದು ಹೆಸರಿಸಿತು. ಗಣಿ ಮತ್ತು ಕಾರ್ಖಾನೆಗಳ ಸುರಕ್ಷತಾ ಕಾಯ್ದೆಗಳನ್ನು ಒಂದುಗೂಡಿಸಲು 2020ರಲ್ಲಿ ಸಂಸತ್ತು ಔದ್ಯೋಗಿಕ ಸುರಕ್ಷತಾ ಸಂಹಿತೆಯನ್ನು ಅಂಗೀಕರಿಸಿತು.

ಕಲಬುರಗಿಯಲ್ಲಿ ನೌಕರರ ರಾಜ್ಯ ವಿಮಾ ನಿಗಮದ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ ಇದೆ. ಆದರೆ 1948ರ ವಿಮಾ ಕಾಯ್ದೆಯು ‘ಕಾರ್ಖಾನೆ’ ಎಂಬ ವ್ಯಾಖ್ಯೆಯಿಂದ ಗಣಿಗಳನ್ನು ಹೊರಗಿಟ್ಟಿತ್ತು. ಹೀಗಾಗಿ ಹೊಳಪು ಘಟಕದ ಕಾರ್ಮಿಕ ವಿಮೆಗೆ ಅರ್ಹನಾದರೂ, ಅದೇ ಕಲ್ಲನ್ನು ನೆಲದಿಂದ ತೆಗೆದ ಖಣಿ ಕಾರ್ಮಿಕ ಆ ವ್ಯಾಖ್ಯೆಯೊಳಗೆ ಬರುತ್ತಿರಲಿಲ್ಲ.

ದಾಖಲೆಯ ಮಹತ್ವ

ಹತ್ತಾರು ವರ್ಷಗಳ ಬಳಿಕ ಕಾಣಿಸಿಕೊಳ್ಳುವ ಕಾಯಿಲೆಗೆ ಪರಿಹಾರ ಪಡೆಯಲು, ಎಲ್ಲೆಲ್ಲಿ ಎಷ್ಟು ಕಾಲ ಕೆಲಸ ಮಾಡಿದ್ದೆಂಬ ದಾಖಲೆ ಬೇಕಾಗುತ್ತದೆ. ಕೂಲಿ ಚೀಟಿ, ಗುರುತಿನ ಚೀಟಿ, ಹಳೆಯ ಕ್ಷಕಿರಣ ಚಿತ್ರಗಳು ಆಗ ಸಾಕ್ಷ್ಯವಾಗುತ್ತವೆ. ರಾಜಸ್ಥಾನ ಸರ್ಕಾರವು 2019ರಲ್ಲಿ ಧೂಳಿನ ಕಾಯಿಲೆಗಳಿಗೆ ಪ್ರತ್ಯೇಕ ನೀತಿಯನ್ನು ತಂದು, ರೋಗ ದೃಢೀಕರಣ, ಧನಸಹಾಯ ಮತ್ತು ಪಿಂಚಣಿಗೆ ವ್ಯವಸ್ಥೆ ಮಾಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆಗಳು 1995ರಲ್ಲಿ ಆರಂಭಿಸಿದ ಜಂಟಿ ಕಾರ್ಯಕ್ರಮವು 2030ರ ವೇಳೆಗೆ ಸಿಲಿಕೋಸಿಸ್ ನಿರ್ಮೂಲನದ ಗುರಿಯನ್ನು ಇರಿಸಿಕೊಂಡಿದೆ.

ಇವನ್ನೂ ನೋಡಿ

• ಸಿಲಿಕೋಸಿಸ್
• ಕ್ಷಯರೋಗ
• ಶಹಾಬಾದ್
• ಮಳಖೇಡ
• ಕೋಲಾರ ಚಿನ್ನದ ಗಣಿ